ಕರಾವಳಿ ಊಟಕ್ಕೆ ಆರು ಮಂದಿ ಹೋದಾಗ: ಏನು, ಎಷ್ಟು, ಯಾವಾಗ ಹೇಳಬೇಕು

ಮಂಗಳೂರು, ಕುಂದಾಪುರ ಕಡೆಯ ಮನೆಯಡುಗೆ ಬಡಿಸುವ ಹೋಟೆಲಿಗೆ ಒಬ್ಬರೇ ಹೋದರೆ ತಲೆಬಿಸಿಯಿಲ್ಲ. ಒಂದು ಮೀನಿನ ಊಟ, ಜೊತೆಗೊಂದು ಬಂಗುಡೆ ಫ್ರೈ, ಮುಗಿಯಿತು. ಆರು ಮಂದಿ ಹೋದಾಗ ಅದನ್ನೇ ಆರರಿಂದ ಗುಣಿಸುವವರು ಬಹಳ. ಎಲ್ಲರ ತಟ್ಟೆಯಲ್ಲೂ ಅದೇ ಸಾರು, ಅದೇ ಫ್ರೈ. ಇನ್ನು ಕೆಲವರು ಮೆನು ನೋಡಿದ ಉಮೇದಿನಲ್ಲಿ ಹನ್ನೆರಡು ಹದಿನಾಲ್ಕು ಐಟಂ ಒಟ್ಟಿಗೇ ಹೇಳಿಬಿಡುತ್ತಾರೆ. ಸ್ವಲ್ಪ ಹೊತ್ತಿಗೆ ಮೇಜಿನ ಮೇಲೆ ನೀರಿನ ಲೋಟ ಇಡಲೂ ಜಾಗವಿಲ್ಲ; ರವಾ ಫ್ರೈ ಮೆತ್ತಗಾಗಿದೆ, ಘೀ ರೋಸ್ಟಿನ ತುಪ್ಪ ಗಟ್ಟಿಯಾಗಿದೆ, ನೀರುದೋಸೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿವೆ.

ಈ ಅಡುಗೆಯ ಒಳ್ಳೊಳ್ಳೆಯ ಪದಾರ್ಥಗಳಿಗೆಲ್ಲ ಆಯುಸ್ಸು ಕಡಿಮೆ. ಒಲೆಯಿಂದ ಇಳಿದ ಹತ್ತು ಹದಿನೈದು ನಿಮಿಷದೊಳಗೆ ಬಾಯಿಗೆ ಹೋಗಬೇಕು. ಆದ್ದರಿಂದ ಸುತ್ತು ಸುತ್ತಾಗಿ ಹೇಳಿ, ಪ್ರತಿ ಸುತ್ತಿನಲ್ಲೂ ಬೇಕೆನಿಸಿದ್ದಕ್ಕಿಂತ ಒಂದು ಪ್ಲೇಟ್ ಕಡಿಮೆಯೇ ಹೇಳಿ. ಕೆಳಗಿನ ಲೆಕ್ಕ ಆರು ದೊಡ್ಡವರಿಗೆ ಹೊಂದುವಂಥದ್ದು.

ಹೋಗುವ ಮೊದಲು

ಇಂಥ ಕಡೆ ರಾತ್ರಿಗಿಂತ ಮಧ್ಯಾಹ್ನದ ಊಟವೇ ವಾಸಿ. ಮೀನು ಬೆಳಿಗ್ಗೆ ಬಂದಿರುತ್ತದೆ, ಗಸಿಗೆ, ಅಂದರೆ ತೆಂಗಿನಕಾಯಿಯ ಮಂದ ಸಾರಿಗೆ, ಅರೆದ ಮಸಾಲೆಯೂ ಆಗಿನದೇ. ಹನ್ನೆರಡೂವರೆಗೆ ಕುಳಿತರೆ ಬೇಕಾದ ಮೀನು ಸಿಗುತ್ತದೆ. ಎರಡೂವರೆಗೆ ಹೋದವರಿಗೆ ಕಾಣೆ ಮೀನು (ಲೇಡಿಫಿಶ್) ಇರುವುದಿಲ್ಲ, ದೊಡ್ಡ ಮಾಂಜಿಯೂ (ಪಾಂಫ್ರೆಟ್) ಇರುವುದಿಲ್ಲ. ಭಾನುವಾರವಾದರೆ ಫೋನ್ ಮಾಡಿ ಮೇಜು ಹಿಡಿದಿಡಿ. ಅದೇ ಫೋನಿನಲ್ಲಿ ಎರಡು ವಿಷಯ ಕೇಳಿ: ಕೋರಿ ರೊಟ್ಟಿ (ಗರಿಗರಿ ಅಕ್ಕಿ ರೊಟ್ಟಿ, ಕೋಳಿ ಸಾರು) ದಿನವೂ ಇರುತ್ತದೆಯೇ, ಮೂಡೆ (ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಇಡ್ಲಿ), ಪುಂಡಿ (ಅಕ್ಕಿಯ ಉಂಡೆ), ಪತ್ರೊಡೆಯಂಥವು ಯಾವ ದಿನ ಮಾಡುತ್ತಾರೆ. ಈ ಆವಿಯಲ್ಲಿ ಬೇಯುವ ತಿಂಡಿಗಳು ಹಲವು ಕಡೆ ವಾರದಲ್ಲಿ ಕೆಲವೇ ದಿನ ಇರುತ್ತವೆ, ಮೆನುವಿನಲ್ಲಿ ಮಾತ್ರ ಸದಾ ಇರುತ್ತವೆ.

ತಿಂಗಳನ್ನೂ ಗಮನಿಸಿ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ 61 ದಿನ ಹೋಟೆಲಿಗೆ ಬರುವುದು ನಾಡದೋಣಿಯ ಮೀನು, ಹೊರರಾಜ್ಯದ ಮೀನು, ಇಲ್ಲವೇ ಮಂಜುಗಡ್ಡೆಯಲ್ಲಿಟ್ಟ ಮೀನು. ದರ ಏರುತ್ತದೆ, ಆಯ್ಕೆ ಇಳಿಯುತ್ತದೆ. ಆಗ ಅಂಜಲ್ (ಸುರ್ಮಾಯಿ) ತವಾ ಫ್ರೈ ಬೇಕೆಂದು ಹಟ ಹಿಡಿಯುವುದಕ್ಕಿಂತ ಕೋಳಿಗೆ ಒಲಿಯಿರಿ. ಮಳೆಗಾಲದ ತರಕಾರಿಗಳೂ ಅದೇ ಹೊತ್ತಿಗೆ ಬಂದಿರುತ್ತವೆ: ತುಳುವರ ಆಟಿ ತಿಂಗಳಿನ ಕೆಸುವಿನೆಲೆಯ ಪತ್ರೊಡೆ, ಕಣಿಲೆ (ಎಳೆಬಿದಿರು) ಪಲ್ಯ ಬೇರೆ ಕಾಲದಲ್ಲಿ ಸಿಗುವುದು ಅಪರೂಪ.

ಹೋಗುವ ಮೊದಲು ವಾಟ್ಸ್ಆ್ಯಪ್ ಗುಂಪಿನಲ್ಲೇ ಇತ್ಯರ್ಥ ಮಾಡಿಕೊಳ್ಳಬೇಕಾದದ್ದು ಮೂರು. ಸಿಗಡಿ, ಏಡಿ, ಮರ್ವಾಯಿ (ಚಿಪ್ಪುಮೀನು) ಯಾರಿಗಾದರೂ ಅಲರ್ಜಿಯೇ? ಸಸ್ಯಾಹಾರಿಗಳು ಎಷ್ಟು ಮಂದಿ? ಬಿಲ್ಲು ಸಮಪಾಲೋ, ತಿಂದಷ್ಟಕ್ಕೋ? ಕೊನೆಯದನ್ನು ಕೈ ತೊಳೆದ ಮೇಲೆ ಮಾತಾಡಲು ಹೋದರೆ ಊಟದ ರುಚಿಯೆಲ್ಲ ಹೋಗುತ್ತದೆ.

ಮೀನು ಕೇಳುವ ಕ್ರಮ

ಮೆನು ತೆರೆಯುವ ಮೊದಲೇ ಸಪ್ಲೈಯರನ್ನು ಕೇಳಿ: "ಅಣ್ಣಾ, ಇವತ್ತು ಯಾವ ಮೀನು ಬಂದಿದೆ?" ಅವರು ಎರಡು ಮೂರು ಹೆಸರು ಹೇಳಿದರೆ ನಂಬಬಹುದು. "ಎಲ್ಲಾ ಉಂಟು" ಎಂದರೆ ತೋರಿಸಿ ಎನ್ನಿ. ಹಲವು ಕಡೆ ಮೀನುಗಳನ್ನು ತಟ್ಟೆಯಲ್ಲಿ ಜೋಡಿಸಿ ಮೇಜಿಗೇ ತಂದು ತೋರಿಸುತ್ತಾರೆ. ಮಸಾಲೆ ಮೆತ್ತಿದ ಮೀನಿನ ಕಿವಿರು ಕೆಂಪಗಿದೆಯೇ ಎಂದು ನೋಡಲಾಗದು. ಕಣ್ಣು ಗುಳಿಬಿದ್ದು ಮಸುಕಾಗಿದೆಯೇ, ಮೂಗಿಗೆ ಮಸಾಲೆಯ ಜೊತೆ ಬೇರೇನಾದರೂ ಘಾಟು ಬರುತ್ತದೆಯೇ, ಅಷ್ಟನ್ನು ನೋಡಬಹುದು. ಮಸಾಲೆ ಹಚ್ಚದ್ದು ಇದ್ದರೆ ಅದನ್ನೇ ಕೇಳಿ ಆರಿಸಿ.

ಇಡೀ ಮೀನಿಗೆ ಮೆನುವಿನಲ್ಲಿ ದರದ ಬದಲು "ಗಾತ್ರಕ್ಕೆ ತಕ್ಕಂತೆ" ಎಂದಿರುತ್ತದೆ. ಜಗಳವಾಗುವುದು ಇಲ್ಲಿಯೇ. ಬೆರಳಿಟ್ಟು ಆ ಒಂದು ಮೀನನ್ನೇ ತೋರಿಸಿ, "ಇದಕ್ಕೆ ಎಷ್ಟಾಗ್ತದೆ?" ಎಂದು ಕೇಳಿ, ಮೊತ್ತ ಕೇಳಿಸಿಕೊಂಡ ಮೇಲೆಯೇ ಹೂಂ ಎನ್ನಿ. ಸಂಕೋಚ ಬೇಡ, ಅವರಿಗೂ ಇದು ನಿತ್ಯದ ಮಾತು.

ಯಾವ ಮೀನು ಎನ್ನುವುದನ್ನು ರುಚಿಗಿಂತ ಮುಳ್ಳಿನ ಲೆಕ್ಕದಲ್ಲಿ ಆರಿಸುವುದು ಹಂಚಿಕೊಂಡು ತಿನ್ನುವಾಗ ಅನುಕೂಲ. ಅಂಜಲ್ ತುಂಡುಗಳಾಗಿ ಬರುತ್ತದೆ, ನಡುವೆ ಒಂದು ಮೂಳೆ, ತಲೆಗೊಂದು ತುಂಡು ಎಂದು ಹಂಚುವುದು ಸುಲಭ. ಕಾಣೆಯ ಮಾಂಸ ಮೃದು, ನಡುಮುಳ್ಳು ಹಿಡಿದೆತ್ತಿದರೆ ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ಮಕ್ಕಳಿಗೂ ವಯಸ್ಸಾದವರಿಗೂ ಇದೇ ಸರಿ. ಬಂಗುಡೆ ಪುಳಿಮುಂಚಿ ಎಂಬ ಹುಳಿಖಾರದ ಸಾರಿಗೆ ಹೇಳಿ ಮಾಡಿಸಿದ್ದು, ಆದರೆ ಇಡಿಯಾಗಿ ಬರುವುದರಿಂದ ಒಬ್ಬರಿಗೆ ಒಂದು ಎಂಬಂತೆ ತೆಗೆದುಕೊಳ್ಳಬೇಕು, ಮಧ್ಯೆ ಮುರಿದು ಹಂಚಲು ಹೋದರೆ ಗಸಿಯೆಲ್ಲ ಮುಳ್ಳು. ಬೂತಾಯಿ (ಮತ್ತಿ ಮೀನು) ಬಲು ರುಚಿ, ಸಣ್ಣ ಮುಳ್ಳು ಬಹಳ. ಮೀನು ತಿಂದು ಅಭ್ಯಾಸವಿಲ್ಲದವರು ಮೇಜಿನಲ್ಲಿದ್ದರೆ ಅದನ್ನು ಇನ್ನೊಂದು ದಿನಕ್ಕಿಡಿ.

ಮೊದಲ ಸುತ್ತು: ಮೂರೇ ಪ್ಲೇಟ್

ಕುಳಿತ ಕೂಡಲೇ ಪುನರ್ಪುಳಿ (ಕೋಕಂ) ಜ್ಯೂಸ್ ಹೇಳಿ, ಊರಿನ ಕೆಲವರು ಮುರುಗಲು ಎನ್ನುವುದೂ ಅದನ್ನೇ. ಅದು ಬರುವಷ್ಟರಲ್ಲಿ ಮೂರು ಪ್ಲೇಟಿಗೆ ಆರ್ಡರ್ ಕೊಡಿ: ಒಂದು ರವಾ ಫ್ರೈ, ಒಂದು ಚಿಕನ್ ಘೀ ರೋಸ್ಟ್, ಒಂದು ತರಕಾರಿ ಸುಕ್ಕ (ತೆಂಗಿನಕಾಯಿ ಮಸಾಲೆಯ ಒಣ ಪಲ್ಯ). "ಇಷ್ಟು ಬರಲಿ, ಉಳಿದದ್ದು ಆಮೇಲೆ ಹೇಳ್ತೇವೆ" ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಸಪ್ಲೈಯರ್ ಪೆನ್ನು ಹಿಡಿದು ನಿಂತೇ ಇರುತ್ತಾರೆ, ಆ ಮುಲಾಜಿಗೆ ನೀವು ಇನ್ನೂ ನಾಲ್ಕು ಐಟಂ ಸೇರಿಸುತ್ತೀರಿ.

ರವಾ ಫ್ರೈ ಮೊದಲು ತಿನ್ನಬೇಕಾದದ್ದು. ಒಳಗಿನ ಮೀನಿನ ಹಬೆಗೆ ಹೊರಗಿನ ರವೆ ಒಳಗಿನಿಂದಲೇ ಮೆತ್ತಗಾಗುತ್ತ ಬರುತ್ತದೆ. ಫೋಟೊ ತೆಗೆಯುವುದಿದ್ದರೆ ಬೇರೆ ಪ್ಲೇಟಿನದು ತೆಗೆಯಿರಿ. ಮೇಲೆ ಲಿಂಬೆ ಹಿಂಡುವುದನ್ನು ಇಡೀ ಪ್ಲೇಟಿಗೆ ಮಾಡಬೇಡಿ, ಅವರವರ ತುಂಡಿಗೆ ಅವರವರು ಹಿಂಡಿಕೊಳ್ಳಲಿ. ತವಾ ಮಸಾಲಾ ಫ್ರೈ ಹೇಳಿದ್ದರೆ, ಅದರಲ್ಲೂ ಇಡೀ ಮೀನಾದರೆ, ಹದಿನೈದಿಪ್ಪತ್ತು ನಿಮಿಷ ಹಿಡಿಯುತ್ತದೆ. ಐದು ನಿಮಿಷಕ್ಕೇ ಬಂದರೆ ಮೊದಲೇ ಬೇಯಿಸಿಟ್ಟದ್ದು ಎಂದೇ ಅರ್ಥ.

ಘೀ ರೋಸ್ಟ್ ಕುಂದಾಪುರದ ಶೆಟ್ಟಿ ಲಂಚ್ ಹೋಮ್‌ನಿಂದ ಹೆಸರಾದ ಅಡುಗೆ. ಈಗ ಅದರ ಹೆಸರಿನಲ್ಲಿ ಪನೀರು, ಅಣಬೆ, ಮೊಟ್ಟೆ ಎಲ್ಲವೂ ಹುರಿದು ಬರುತ್ತವೆ. ಒಳ್ಳೆಯದನ್ನು ಗುರುತಿಸಲು ಪ್ಲೇಟಿನ ಅಂಚು ನೋಡಿ. ಹುರಿದರೆದ ಬ್ಯಾಡಗಿ ಮೆಣಸು, ಹುಣಸೆಹುಳಿ, ಬೆಳ್ಳುಳ್ಳಿಯ ಮಸಾಲೆ ತುಪ್ಪದಲ್ಲಿ ಸಾಕಷ್ಟು ಹೊತ್ತು ಬೆಂದಿದ್ದರೆ ತುಂಡಿಗೆ ಕಚ್ಚಿಕೊಂಡಿರುತ್ತದೆ, ಸುತ್ತ ಕೆಂಪು ತುಪ್ಪ ಬಿಟ್ಟಿರುತ್ತದೆ, ಬಣ್ಣ ಗಾಢ ಇಟ್ಟಿಗೆಗೆಂಪು. ಹೊಳೆಯುವ ಕಿತ್ತಳೆಗೆಂಪಾಗಿ, ಸಾರಿನಂತೆ ಹರಿಯುತ್ತಿದ್ದರೆ ಮಸಾಲೆ ಹಸಿಯಾಗಿಯೇ ಉಳಿದಿದೆ ಅಥವಾ ಬಣ್ಣ ಬಿದ್ದಿದೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಬಣ್ಣ ಕೊಡುವ ಮೆಣಸು, ಖಾರ ಕಡಿಮೆ. ಹೀಗಾಗಿ ಆ ಕೆಂಪು ನೋಡಿ ಹೆದರಬೇಕಿಲ್ಲ. ಒಳ್ಳೆಯ ಘೀ ರೋಸ್ಟಿನಲ್ಲಿ ಹುಳಿಯೇ ಮುಂದೆ ನಿಲ್ಲಬೇಕು.

ಎಸಿ ಹಾಲಿನಲ್ಲಿ ಕುಳಿತಿದ್ದರೆ ಇದು ಬೇಗ ಆರಿ ತುಪ್ಪ ಬಾಯಿಗೆ ಅಂಟತೊಡಗುತ್ತದೆ. ಆರು ಮಂದಿಗೆ ಒಂದೇ ಪ್ಲೇಟ್ ಸಾಕು, ಎರಡನೆಯದನ್ನು ದೋಸೆಯ ಜೊತೆಗೆ ಬಿಸಿಯಾಗಿ ತರಿಸಿ. ಮೂಳೆಯಿರುವ ಕೋಳಿಯದ್ದೇ ರುಚಿ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ. ಮೂಳೆಯಿಲ್ಲದ ತುಂಡು ಅಷ್ಟು ಹೊತ್ತು ಹುರಿದಾಗ ನಾರುನಾರಾಗುತ್ತದೆ. ಆದರೆ ಲೆಕ್ಕಹಾಕಿ ಹಂಚುವ ಮೇಜಿಗೆ ಮೂಳೆಯಿಲ್ಲದ್ದು ಸಲೀಸು.

ಎರಡನೇ ಸುತ್ತು: ದೋಸೆ, ರೊಟ್ಟಿ, ಗಸಿ

ಮೊದಲ ಪ್ಲೇಟುಗಳು ಅರ್ಧ ಖಾಲಿಯಾದಾಗ ಎರಡನೇ ಸುತ್ತು ಹೇಳಿ, ಪೂರ್ತಿ ಖಾಲಿಯಾಗುವವರೆಗೆ ಕಾಯಬೇಡಿ. ಇಲ್ಲಿ ನೆನಪಿಡಬೇಕಾದ ಸೂತ್ರ ಒಂದೇ: ಒಣ ಪದಾರ್ಥ ಎಷ್ಟೇ ಇದ್ದರೂ ರಸವಿರುವ ಪದಾರ್ಥ ಕನಿಷ್ಠ ಎರಡಿರಬೇಕು. ಸುಕ್ಕ, ಘೀ ರೋಸ್ಟ್, ಫ್ರೈ ಎಲ್ಲ ಒಣ. ಅವನ್ನೇ ನಾಲ್ಕು ಹೇಳಿ ಕುಚ್ಚಲಕ್ಕಿ ಅನ್ನ ತರಿಸಿದರೆ ಅನ್ನ ಗಂಟಲಲ್ಲಿ ನಿಲ್ಲುತ್ತದೆ. ಆರು ಮಂದಿಗೆ ಒಂದು ಕೋಳಿ ಗಸಿ, ತಲೆಗೊಂದು ಮೀನಿನಂತೆ ಬಂಗುಡೆ ಪುಳಿಮುಂಚಿ, ಒಂದು ಮರ್ವಾಯಿ ಸುಕ್ಕ ಸಾಕಾಗುತ್ತದೆ. ಗಸಿಯಲ್ಲಿ ತೆಂಗಿನಕಾಯಿಯ ಮಂದ, ಪುಳಿಮುಂಚಿಯಲ್ಲಿ ಹುಳಿಖಾರ. ಎರಡೂ ತೆಂಗಿನಕಾಯಿಯದ್ದೇ ಆದರೆ ನಾಲ್ಕನೇ ತುತ್ತಿಗೇ ಸಾಕೆನಿಸುತ್ತದೆ.

ನೀರುದೋಸೆಗೆ ತಲೆಗೆ ಮೂರು ಎಂದು ಲೆಕ್ಕ ಹಿಡಿಯಿರಿ, ಹದಿನೆಂಟು. ಆದರೆ ಹದಿನೆಂಟನ್ನೂ ಒಮ್ಮೆಗೇ ಹೇಳಬಾರದು. ಅಕ್ಕಿ ನುಣ್ಣಗೆ ಅರೆದು ನೀರಾಗಿಸಿ, ಹುದುಗು ಬರಿಸದೆ ಹುಯ್ಯುವ ದೋಸೆ ಇದು. ಒಂದೇ ಬದಿ ಬೇಯಿಸಿ ಮಡಚುತ್ತಾರೆ. ಬಿಸಿಬಿಸಿಯಾಗಿ ಒಂದರ ಮೇಲೊಂದು ಪೇರಿಸಿದರೆ ಹಬೆಗೆ ಒದ್ದೆಯಾಗಿ ಅಂಟಿಕೊಳ್ಳುತ್ತವೆ. ಒಂದು ದೋಸೆ ಕಾವಲಿಯಿಂದ ಏಳಲು ಒಂದೂವರೆ ಎರಡು ನಿಮಿಷ ಬೇಕಾದ್ದರಿಂದ, ಹದಿನೆಂಟು ಒಟ್ಟಿಗೆ ಬಂದರೆ ಮೊದಲು ಹುಯ್ದದ್ದು ಆಗಲೇ ತಣ್ಣಗಾಗಿರುತ್ತದೆ. ಆರಾರು ಎಂದು ಮೂರು ಕಂತಿನಲ್ಲಿ ತರಿಸಿ. ಮೊದಲ ಆರು ಬಂದ ಕೂಡಲೇ ಮುಂದಿನ ಆರಕ್ಕೆ ಹೇಳಿದರೆ ಮಧ್ಯೆ ಕೈ ಒಣಗುವುದಿಲ್ಲ. ಒಳ್ಳೆಯ ನೀರುದೋಸೆಯಲ್ಲಿ ಸಣ್ಣಸಣ್ಣ ತೂತುಗಳಿರುತ್ತವೆ, ಬಿಡಿಸಿದರೆ ಹರಿಯುವುದಿಲ್ಲ. ರಬ್ಬರಿನಂತೆ ಎಳೆದರೆ ಹಿಟ್ಟು ಮಂದವಾಗಿದೆ, ಮುಟ್ಟಿದರೆ ಪುಡಿಯಾದರೆ ಕಾವು ಹೆಚ್ಚಾಗಿ ಒಣಗಿದೆ.

ಕೋರಿ ರೊಟ್ಟಿಯ ವಿಷಯ ಬೇರೆಯೇ. ಅದರ ರೊಟ್ಟಿ ಗರಿಗರಿಯಾಗಿ ಒಣಗಿಸಿದ ಅಕ್ಕಿ ಹಾಳೆ, ತಣ್ಣಗಿದ್ದರೂ ನಡೆಯುತ್ತದೆ. ಬಿಸಿ ಇರಬೇಕಾದದ್ದು ಕೋಳಿ ಸಾರು. ಮಾಡುವ ಕ್ರಮ ಹೀಗೆ. ಒಂದು ರೊಟ್ಟಿಯನ್ನು ತಟ್ಟೆಯಲ್ಲಿ ಅಂಗೈಯಿಂದ ಒತ್ತಿ ಮುರಿಯಿರಿ, ಪುಡಿ ಮಾಡಬೇಡಿ, ಎರಡು ಬೆರಳಗಲದ ಚೂರುಗಳಿರಲಿ. ಕುದಿ ಬಿಸಿಯ ಸಾರನ್ನು ಮೇಲಿಂದ ಹುಯ್ದು ಅರ್ಧ ನಿಮಿಷ ಬಿಡಿ. ಕೆಳಗಿನ ಚೂರು ಮೆತ್ತಗಾಗಿ ಮೇಲಿನದು ಇನ್ನೂ ಕರಕರ ಎನ್ನುವ ಹೊತ್ತಿಗೆ ತಿನ್ನಬೇಕು. ಅದು ಮುಗಿದ ಮೇಲೆ ಮುಂದಿನ ರೊಟ್ಟಿ. ನಾಲ್ಕೂ ರೊಟ್ಟಿಯನ್ನು ಒಮ್ಮೆಗೇ ಮುರಿದು ಸಾರು ಸುರಿದುಕೊಂಡವರು ಕೊನೆಗೆ ಗಂಜಿ ತಿನ್ನುತ್ತಾರೆ.

ರೊಟ್ಟಿ ಸಾರನ್ನು ಹೀರುವ ಪ್ರಮಾಣ ಮೊದಲ ಸಲ ತಿನ್ನುವವರಿಗೆ ಅಂದಾಜಿಗೆ ಬರುವುದಿಲ್ಲ. ಬಟ್ಟಲಿನ ಸಾರು ಎರಡನೇ ರೊಟ್ಟಿಗೇ ಮುಗಿದು, ಕೋಳಿ ತುಂಡು, ಒಣ ರೊಟ್ಟಿ ಉಳಿಯುತ್ತವೆ. ಆರ್ಡರ್ ಕೊಡುವಾಗಲೇ "ಸಾರು ಎಕ್ಸ್‌ಟ್ರಾ ಕೊಡ್ತೀರಾ, ಅದಕ್ಕೆ ಬೇರೆ ಚಾರ್ಜಾ?" ಎಂದು ಕೇಳಿಬಿಡಿ. ಆರು ಮಂದಿಯ ಮೇಜಿಗೆ ಎರಡು ಪ್ಲೇಟ್ ಕೋರಿ ರೊಟ್ಟಿ ರುಚಿ ನೋಡಲು ಧಾರಾಳ. ಅದನ್ನು ತರಿಸಿದರೆ ಬೇರೆ ಕೋಳಿ ಗಸಿ ಬಿಟ್ಟುಬಿಡಿ, ನೀರುದೋಸೆ ಹನ್ನೆರಡಕ್ಕೆ ಇಳಿಸಿ. ಮಳೆಗಾಲದಲ್ಲಿ ರೊಟ್ಟಿ ತೇವ ಎಳೆದು ಮೆತ್ತಗಾಗಿರುವುದುಂಟು. ಮುರಿದಾಗ ಸದ್ದು ಬರದಿದ್ದರೆ ಹಿಂದಕ್ಕೆ ಕೊಡಿ, ಬೇರೆ ಕಟ್ಟು ಬಿಚ್ಚುತ್ತಾರೆ.

ಅನ್ನ ಕೊನೆಗೆ. ಆರು ಮಂದಿಗೆ ಎರಡು ಪ್ಲೇಟ್ ಕುಚ್ಚಲಕ್ಕಿ ಅನ್ನ ಹಂಚಿಕೊಂಡರೆ ಸಾಕು. ಯಾರಿಗಾದರೂ ಹೊಟ್ಟೆ ತುಂಬ ಅನ್ನವೇ ಬೇಕೆಂದಿದ್ದರೆ ಅವರೊಬ್ಬರಿಗೆ ಮೀನಿನ ಊಟ ಹೇಳಿ. ಅದರಲ್ಲಿ ಅನ್ನ, ಸಾರು ಮತ್ತೆ ಮತ್ತೆ ಬಡಿಸುತ್ತಾರೆ, ಮೀನಿನ ತುಂಡನ್ನಲ್ಲ. ಒಂದು ಊಟ ತರಿಸಿ ಮೂವರು ತಿನ್ನುವುದನ್ನು ಯಾವ ಹೋಟೆಲಿನವರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಮಕ್ಕಳಿದ್ದರೆ ನೀರುದೋಸೆಗೆ ಕಾಯಿಬೆಲ್ಲ ಕೇಳಿ. ಮೆನುವಿನಲ್ಲಿ ಇಲ್ಲದಿದ್ದರೂ ಅಡುಗೆಮನೆಯಲ್ಲಿ ತೆಂಗಿನಕಾಯಿಗೂ ಬೆಲ್ಲಕ್ಕೂ ಬರವಿರುವುದಿಲ್ಲ.

ಬಡಿಸುವುದು ಮತ್ತು ಎಂಜಲು

ಒಂದೇ ಬಟ್ಟಲಿನಿಂದ ಆರು ಮಂದಿ ತಿನ್ನುವಾಗ ನಮ್ಮವರಿಗೆ ಇರುಸುಮುರುಸಾಗುವುದು ಇಲ್ಲೇ. ಬಲಗೈ ಊಟದಲ್ಲಿದೆ, ಸೌಟು ಹಿಡಿಯುವುದು ಹೇಗೆ? ಊಟದ ಕೈಯಲ್ಲಿ ಹಿಡಿದರೆ ಸೌಟು ಎಂಜಲು, ಎಡಗೈಯಲ್ಲಿ ಬಡಿಸಿದರೆ ಹಿರಿಯರ ಹುಬ್ಬು ಮೇಲೇರುತ್ತದೆ. ಬಟ್ಟಲು ಬಂದ ಕೂಡಲೇ, ಇನ್ನೂ ಯಾರೂ ಕೈ ಹಾಕುವ ಮೊದಲು, ಒಬ್ಬರು ಎಲ್ಲರಿಗೂ ಮೊದಲ ಸಲ ಬಡಿಸಿಬಿಡುವುದು ಒಳ್ಳೆಯ ದಾರಿ. ಚಿಕ್ಕಮ್ಮನೋ ಅತ್ತೆಯೋ ಜೊತೆಗಿದ್ದರೆ ಈ ಕೆಲಸ ತಾನಾಗಿಯೇ ನಡೆಯುತ್ತದೆ, ತಡೆಯಲು ಹೋಗಬೇಡಿ. ಆದರೆ ಅವರ ತಟ್ಟೆಗೆ ಬಿದ್ದದ್ದೇನು ಎಂದು ಒಮ್ಮೆ ನೋಡಿ, ಎಲ್ಲರಿಗೂ ಹಾಕಿ ತಮಗೆ ಬರೀ ರಸ ಉಳಿಸಿಕೊಂಡಿರುತ್ತಾರೆ. ಎರಡನೇ ಸಲಕ್ಕೆ ಸಪ್ಲೈಯರನ್ನು ಕರೆದರೆ ಅವರೇ ಬಡಿಸುತ್ತಾರೆ. ಗೆಳೆಯರ ಮೇಜಿನಲ್ಲಿ ಎಡಗೈ ಸೌಟಿಗೆ ಎಂದು ಒಪ್ಪಿಕೊಂಡರೆ ಮುಗಿಯಿತು.

ಪ್ರತಿ ಬಟ್ಟಲಿಗೂ ಬೇರೆ ಸೌಟು ಕೇಳಿ. ಸಿಗಡಿ ಗಸಿಯ ಸೌಟು ಬಸಳೆ ಗಸಿಗೆ ಹೋದರೆ ಅಲರ್ಜಿಯವರಿಗೂ ಸಸ್ಯಾಹಾರಿಗೂ ಊಟ ಅಲ್ಲಿಗೇ ಮುಗಿದಂತೆ. ಎಂಟಕ್ಕಿಂತ ಹೆಚ್ಚು ಮಂದಿಯಿದ್ದರೆ ಪ್ರತಿ ಪದಾರ್ಥವನ್ನೂ ಎರಡು ಬಟ್ಟಲಿಗೆ ಭಾಗ ಮಾಡಿ ತರಲು ಹೇಳಿ. ಇಲ್ಲವಾದರೆ ಉದ್ದ ಮೇಜಿನ ಒಂದು ತುದಿಯವರು ಘೀ ರೋಸ್ಟ್ ತಿನ್ನುತ್ತಾರೆ, ಇನ್ನೊಂದು ತುದಿಯವರು ಅದರ ವರ್ಣನೆ ಕೇಳುತ್ತಾರೆ.

ಸಸ್ಯಾಹಾರಿಗಳು ಜೊತೆಗಿದ್ದರೆ

ಗುಜ್ಜೆ (ಎಳೆ ಹಲಸು) ಸುಕ್ಕ, ತೊಂಡೆಕಾಯಿ ಕಡಲೆ ಸುಕ್ಕ, ಬಸಳೆ ಗಸಿ: ಈ ಅಡುಗೆಯಲ್ಲಿ ತರಕಾರಿಗೂ ಒಳ್ಳೆಯ ಜಾಗವಿದೆ, ಪನೀರ್ ಘೀ ರೋಸ್ಟಿಗೆ ಹೋಗಬೇಕಿಲ್ಲ. ಕೇಳಬೇಕಾದ ಪ್ರಶ್ನೆಗಳು ಮಾತ್ರ ನೇರವಾಗಿರಲಿ. ಬಸಳೆಗೆ ಸಿಗಡಿ ಹಾಕುವುದು ಕರಾವಳಿಯ ಮನೆಗಳಲ್ಲಿ ಸಾಮಾನ್ಯ, ಹೋಟೆಲಿನಲ್ಲೂ ಹಾಕಿರಬಹುದು. ಊಟದ ಜೊತೆಯ ಕೆಂಪು ಚಟ್ನಿ ಒಣಸಿಗಡಿಯದ್ದಾಗಿರಬಹುದು. ನೀರುದೋಸೆಯ ಕಾವಲಿ ಬೇರೆಯೋ, ಮೀನು ಹುರಿಯುವುದೇ ಅದರಲ್ಲೋ? "ವೆಜ್ ಆಗ್ತದಾ" ಎಂದರೆ ಆಗ್ತದೆ ಎಂಬ ಉತ್ತರವೇ ಬರುತ್ತದೆ. "ಇದಕ್ಕೆ ಸಿಗಡಿ ಹಾಕಿದ್ದಾರಾ, ಕಾವಲಿ ಬೇರೆಯಾ" ಎಂದು ಕೇಳಿದರೆ ಅಡುಗೆಮನೆಗೆ ಹೋಗಿ ವಿಚಾರಿಸಿ ಬಂದು ಹೇಳುತ್ತಾರೆ. ಕಟ್ಟುನಿಟ್ಟಿನವರಿಗೆ ಇಂಥ ಹೋಟೆಲ್ ಬೇಡವೇ ಬೇಡ, ಒತ್ತಾಯ ಮಾಡಿ ಕರೆದೊಯ್ಯಬೇಡಿ.

ಬಿಲ್ಲು, ಪಾರ್ಸೆಲ್

ಬಿಲ್ಲಿನಲ್ಲಿ ಮೊದಲು ನೀರುದೋಸೆಯ ಸಂಖ್ಯೆ ನೋಡಿ. ಕಂತು ಕಂತಾಗಿ ತರಿಸಿದ್ದರಿಂದ ಹೆಚ್ಚುಕಡಿಮೆಯಾಗುವುದು ಅಲ್ಲೇ. ಆಮೇಲೆ ಇಡೀ ಮೀನಿನ ಮೊತ್ತ, ಒಪ್ಪಿಕೊಂಡಷ್ಟೇ ಇದೆಯೇ ಎಂದು. ಸಾಮಾನ್ಯ ರೆಸ್ಟೋರೆಂಟುಗಳಲ್ಲಿ ಜಿಎಸ್‌ಟಿ 5 ಶೇಕಡಾ, ಬಿಲ್ಲಿನಲ್ಲಿ ಎರಡೂವರೆ, ಎರಡೂವರೆ ಎಂದು ಎರಡು ಸಾಲಾಗಿ ಕಾಣುತ್ತದೆ. ಕಂಪೊಸಿಷನ್ ಪದ್ಧತಿಯ, ಅಂದರೆ ವಹಿವಾಟಿನ ಮೇಲೆ ತೆರಿಗೆಯನ್ನು ತಾವೇ ಕಟ್ಟುವ, ಸಣ್ಣ ಹೋಟೆಲುಗಳು ಗ್ರಾಹಕರಿಂದ ಜಿಎಸ್‌ಟಿ ವಸೂಲು ಮಾಡುವಂತಿಲ್ಲ. ಸರ್ವಿಸ್ ಚಾರ್ಜ್ ತೆರಿಗೆಯಲ್ಲ. ಅದನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಸೇರಿಸಿದ್ದರೆ ತೆಗೆಯಲು ಹೇಳಿ, ತೆಗೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಬಡಿಸಿದವರಿಗೆ ಕೊಡಬೇಕೆನಿಸಿದ್ದನ್ನು ಅವರ ಕೈಗೇ ಕೊಡಿ.

ಉಳಿದದ್ದನ್ನೆಲ್ಲ ಕಟ್ಟಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಸುಕ್ಕ, ಘೀ ರೋಸ್ಟ್ ಚೆನ್ನಾಗಿ ಉಳಿಯುತ್ತವೆ. ರೊಟ್ಟಿಯನ್ನು ಸಾರಿನಿಂದ ದೂರವಿಟ್ಟು ಬೇರೆ ಕಟ್ಟಿಸಿ. ರವಾ ಫ್ರೈಯನ್ನು ಮೈಕ್ರೋವೇವ್‌ಗೆ ಹಾಕದೆ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಗರಿ ಸ್ವಲ್ಪ ಮರಳುತ್ತದೆ. ನೀರುದೋಸೆ ಅಲ್ಲೇ ಮುಗಿಸಿ, ಮನೆಗೆ ಹೋದರೆ ಅದು ದೋಸೆಯಾಗಿ ಉಳಿದಿರುವುದಿಲ್ಲ. ತೆಂಗಿನಕಾಯಿಯ ಗಸಿ ಬೇಗ ಹಳಸುವ ಪದಾರ್ಥ. ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಊಟ ಮುಗಿಸಿ ಸಿನಿಮಾಗೆ ಹೋಗುವ ಯೋಜನೆಯಿದ್ದರೆ ಅದನ್ನು ಕಟ್ಟಿಸಲೇ ಬೇಡಿ. ಮರುದಿನ ಬಿಸಿ ಮಾಡುವಾಗ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಹಬೆಯಾಡುವವರೆಗೆ ಕಾಯಿಸಿ. ದೊಡ್ಡ ಉರಿಯಲ್ಲಿ ಕೊತಕೊತ ಕುದಿಸಿದರೆ ಕಾಯಿಹಾಲು ಒಡೆದು ಎಣ್ಣೆ ಮೇಲೆ, ನೀರು ಕೆಳಗೆ ಆಗುತ್ತದೆ.